ಮೊದಲ ಸರದಿ ಬಿಟ್ಟುಕೊಟ್ಟ ಟೀಚರ್

ಟೀಚರ್ ತೀರಿಕೊಂಡ ಮೇಲೆ ನೆರೂಳಿನ ಕನ್ನಡ ಬಳಗದವರು ಸಂತಾಪ ಸಭೆ ಇಟ್ಟುಕೊಂಡಿದ್ದರು. ನನಗೆ ಮಾತಾಡಲು ಕೊಟ್ಟದ್ದು ಎರಡು ನಿಮಿಷ. ಮೊದಲ ನಿಮಿಷ ಮೈಕು ಕುಂಯ್‌ಗುಟ್ಟಿತು, ಎರಡನೆಯ ನಿಮಿಷ ಅದನ್ನು ಸರಿಪಡಿಸುವುದರಲ್ಲೇ ಹೋಯಿತು. ನನ್ನ ನಂತರ ಎದ್ದ ಮಹನೀಯರೊಬ್ಬರು, ಟೀಚರನ್ನು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ ಕಂಡವರು, "ನಮ್ಮ ಫುಟ್‌ಬಾಲ್ ತಂಡಕ್ಕೆ ಕಪ್ಪುಗಳ ಮೇಲೆ ಕಪ್ಪು ಗೆದ್ದುಕೊಟ್ಟ ಮಹಾತಾಯಿ" ಎಂದರು. ಜನ ತಲೆದೂಗಿದರು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಟೀಚರ್ ಒಂದೇ ಒಂದು ಕಪ್ಪನ್ನೂ ಗೆದ್ದವರಲ್ಲ. ಅವರ ಕಾಲದಲ್ಲಿ ತಂಡ ಏರಿದ್ದು ಮೂರನೆಯ ಸ್ಥಾನದವರೆಗೆ, ಅದೂ ಒಂದೇ ಸಲ. ಅವರು ಮಾಡಿದ್ದು ಬೇರೆಯೇ. ಅದನ್ನು ಸರಿಯಾಗಿ ಹೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ.

ಹೆಸರು ಬರೆಯುವುದಿಲ್ಲ. ಹೆಸರು ಅಚ್ಚಾಗುವುದು ಅವರಿಗೆ ಸೇರುತ್ತಿರಲಿಲ್ಲ. ಮೈದಾನದಲ್ಲಿ, ನಮ್ಮ ಹೌಸಿಂಗ್ ಸೊಸೈಟಿಯಲ್ಲಿ, ತರಕಾರಿ ಗಾಡಿಯ ಮುಂದೆ, ಎಲ್ಲ ಕಡೆಯೂ ಅವರು ಟೀಚರೇ. ನೆರೂಳಿನ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಗಿಡ್ಡ ಆಳು. ಹತ್ತಿಯ ಸೀರೆ, ಸೀರೆಯ ಕೆಳಗೆ ಬಿಳಿ ಬೂಟು, ಕೈಯಲ್ಲಿ ಬಿಸಿಲಿಗೂ ಮಳೆಗೂ ಒಂದೇ ಛತ್ರಿ. ಮದುವೆಯ ಊಟಕ್ಕೂ ಆ ಬೂಟು ಹಾಕಿಕೊಂಡೇ ಬಂದಿದ್ದನ್ನು ನಾನು ಕಂಡಿದ್ದೇನೆ. ಮನೆಯಲ್ಲಿ ತುಳು, ನನ್ನ ಹತ್ತಿರ ಉಡುಪಿಯ ಕನ್ನಡ, ರೆಫರಿಯ ಹತ್ತಿರ ಮರಾಠಿ, ಆಟಗಾರರ ಹತ್ತಿರ ಹಿಂದಿ. ಸಿಟ್ಟು ಬಂದರೆ ಮಾತ್ರ ಯಾವ ಭಾಷೆಯೂ ಇಲ್ಲ, ಸುಮ್ಮನಾಗಿಬಿಡುತ್ತಿದ್ದರು. ಆ ಸುಮ್ಮನಿರುವಿಕೆಗೆ ಹೆದರದ ಆಟಗಾರನೇ ಇರಲಿಲ್ಲ.

ನಮ್ಮದು ಗದಗಿನ ಕಡೆಯ ಮನೆತನ. ನನ್ನ ಆಫೀಸು ಮಹಾಪೆಯಲ್ಲಿ, ಮನೆ ಟೀಚರ್ ಇದ್ದ ಕಟ್ಟಡದಲ್ಲೇ. ತಂಡಕ್ಕೆ ನಾನು ಗೌರವ ಕಾರ್ಯದರ್ಶಿ. ಗೌರವ ಎಂದರೆ ಸಂಬಳವಿಲ್ಲ, ಬೈಗುಳ ಉಂಟು ಎಂದು ಅರ್ಥ. ಮೈದಾನದ ಪರವಾನಗಿ, ಹರಿದ ಬಲೆ, ಸಮಯಕ್ಕೆ ಬಾರದ ಆಂಬುಲೆನ್ಸು, ಎಲ್ಲ ನನ್ನ ಪಾಲು. ನನಗೆ ಮೂಗಿನ ತುದಿಯಲ್ಲೇ ಕೋಪ. ಟೀಚರಿಗೆ ಕೋಪ ಎಲ್ಲಿತ್ತೋ ಗೊತ್ತಿಲ್ಲ, ಮೂಗಿನಿಂದ ಬಹಳ ದೂರ.

ತಡವಾಗಿ ಬಂದ ಆಟಗಾರನಿಗೆ ಬೇರೆ ಕೋಚ್‌ಗಳು ಮೈದಾನ ಸುತ್ತು ಹಾಕಿಸುತ್ತಾರೆ. ಟೀಚರ್ ಪಕ್ಕದ ಕುರ್ಚಿ ತೋರಿಸುತ್ತಿದ್ದರು. "ಬೈಠೋ. ದೇಖೋ." ಅಷ್ಟೆ. ಉಳಿದವರು ಆಡುವುದನ್ನು ಅವನು ಅಭ್ಯಾಸ ಮುಗಿಯುವವರೆಗೆ ನೋಡುತ್ತ ಕೂರಬೇಕು. ಓಡುವುದೇ ವಾಸಿ ಎಂದು ಹುಡುಗರು ಒದ್ದಾಡುತ್ತಿದ್ದರು. ಹೊಗಳಿಕೆಯಲ್ಲೂ ಟೀಚರ್ ಜಿಪುಣಿ. ಯಾರು ಎಷ್ಟೇ ಚೆನ್ನಾಗಿ ಆಡಲಿ, ಅವರ ಬಾಯಿಂದ ಬರುತ್ತಿದ್ದುದು "ಆದೀತು" ಎಂಬ ಒಂದೇ ಮಾತು. ಮರಾಠಿ, ಹಿಂದಿ ಹುಡುಗರೆಲ್ಲ ಆ ಒಂದು ಕನ್ನಡ ಶಬ್ದವನ್ನು ಚೆನ್ನಾಗಿ ಕಲಿತಿದ್ದರು.

ಇನ್ನು ತಂಡದ ಕಥೆ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯ ಎಂಟು ತಂಡಗಳ ಒಂದು ಖಾಸಗಿ ಲೀಗ್ ನಮ್ಮದು. ಆಟಗಾರರಿಗೆ ಸಂಬಳ ಉಂಟು, ಅದನ್ನೇ ನಂಬಿ ಬದುಕುವವರೂ ಇದ್ದರು. ಪ್ರತಿ ವರ್ಷ ಪಂದ್ಯಗಳು ಶುರುವಾಗುವ ಮುಂಚೆ ಎಲ್ಲ ತಂಡದವರೂ ಒಂದು ಕಡೆ ಕೂತು, ಸುತ್ತು ಸುತ್ತಾಗಿ, ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತಾರೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಹಿಂದಿನ ವರ್ಷ ಕೊನೆಯ ಸ್ಥಾನಕ್ಕೆ ಬಿದ್ದವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯ ಸರದಿ. ಬೇಕಾದರೆ ಸರದಿಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಬಡವನ ತಟ್ಟೆಗೆ ಮೊದಲು ಬಡಿಸುವ ನ್ಯಾಯ ಇದು.

ಆ ತಟ್ಟೆ ಮೂರು ವರ್ಷದಿಂದ ನಮ್ಮದೇ ಆಗಿತ್ತು. ಪ್ರತಿ ವರ್ಷ ಕೊನೆಯ ಸ್ಥಾನ, ಪ್ರತಿ ವರ್ಷ ಮೊದಲ ಸರದಿ, ಪ್ರತಿ ವರ್ಷ ಒಬ್ಬ ಹೊಸ ಹೀರೋ. ಡ್ರಾಫ್ಟ್ ದಿನ ನಾವೇ ರಾಜರು. ಫೋಟೋ ತೆಗೆಯುವವರು ನಮ್ಮ ಮೇಜಿಗೇ ಮೊದಲು ಬರುತ್ತಿದ್ದರು. ಆಮೇಲೆ ಪಂದ್ಯ ಶುರುವಾದರೆ ಮತ್ತೆ ಅದೇ ರಾಗ ಅದೇ ಹಾಡು. ಕೊನೆಗೆ ತಂಡದ ಮಾಲೀಕರು, ಉಡುಪಿ ಕಡೆಯ ಹೋಟೆಲ್ ಉದ್ಯಮಿ, ಹಳೆಯ ಕೋಚನ್ನು ಕಳಿಸಿ ಟೀಚರನ್ನು ಮ್ಯಾನೇಜರ್ ಮಾಡಿದರು. ಟೀಚರ ಅಪ್ಪ ಠಾಣೆ ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟಿದ್ದಾಗ ಈ ಮಾಲೀಕರು ಅಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೆಲಸ ಕಲಿತವರಂತೆ. ಅಷ್ಟು ವಿಶ್ವಾಸ. ಆದರೆ ವಿಶ್ವಾಸದ ಜೊತೆಗೇ ಒಂದು ಮಾತನ್ನೂ ಹೇಳಿದರು.

"ಆಟಗಾರರನ್ನ ಆರಿಸುದು ನಿಮ್ಗೆ ಬಿಟ್ಟದ್ದು ಟೀಚರ್, ನಾನು ಬಾಯಿ ಹಾಕುದಿಲ್ಲ. ಆದ್ರೆ ಈ ಸಲವೂ ಕಡೆಗೆ ಬಂದ್ರೆ ಟೀಮ್ ಬಂದ್. ನನ್ಗೂ ಸಾಕಾಯ್ತು."

"ಆಯ್ತು" ಎಂದರು ಟೀಚರ್. ಅಂದರೆ ಇಪ್ಪತ್ತೆರಡು ಹುಡುಗರ ಕೆಲಸ ಆ ಒಂದು ವರ್ಷದ ಮೇಲೆ ನಿಂತಿತು.

ಆ ವರ್ಷ ಆರಿಸಿಕೊಳ್ಳಲು ಇದ್ದವರಲ್ಲಿ ಡೊಂಬಿವಲಿಯ ಹುಡುಗನೊಬ್ಬನಿದ್ದ, ಪ್ರಥಮೇಶ ಎಂದು. ಚೆಂಡು ಅವನ ಕಾಲಿಗೆ ಬಂದರೆ ಗೋಲ್‌ಕೀಪರ್‌ಗಳು ದೇವರನ್ನು ನೆನೆಯುತ್ತಿದ್ದರು. ಮೊದಲ ಸರದಿ ನಮ್ಮದು, ಹುಡುಗ ನಮ್ಮವನೇ ಎಂದು ಇಡೀ ಲೀಗ್ ಒಪ್ಪಿಕೊಂಡಾಗಿತ್ತು. ನಾನಂತೂ ಅವನ ಅಳತೆಯ ಜರ್ಸಿ ಹೊಲಿಸಲು ಹೇಳಿಬಿಟ್ಟಿದ್ದೆ.

ಡ್ರಾಫ್ಟ್ ಠಾಣೆಯ ಒಂದು ಹೋಟೆಲಿನ ಹಾಲಿನಲ್ಲಿ ನಡೆಯಿತು. ಚಹಾದ ಹೊತ್ತಿಗೆ ಟೀಚರ್ ಎದ್ದು ಠಾಣೆ ತಂಡದವರ ಮೇಜಿಗೆ ಹೋದರು. ಅಲ್ಲಿ ಅವರು ಕೂತು ಮಾತಾಡುವುದು ಕಾಣುತ್ತಿತ್ತು. ಕುಶಲ ವಿಚಾರಿಸುತ್ತಿದ್ದಾರೆ ಎಂದುಕೊಂಡೆ. ತಿರುಗಿ ಬಂದವರು ಬಿಸ್ಕತ್ತು ಮುರಿಯುತ್ತ ಹೇಳಿದರು: "ನಮ್ಮ ಮೊದಲ ಸರದಿ ಅವರಿಗೆ ಕೊಟ್ಟೆ. ಬರುವ ವರ್ಷದ ಮೊದಲ ಸುತ್ತಿನ ಸರದಿಯೂ ಕೊಟ್ಟೆ. ಅವರ ಎರಡನೇ, ಮೂರನೇ, ನಾಲ್ಕನೇ ಸುತ್ತಿನ ಸರದಿ ಎಲ್ಲ ನಮ್ಗೆ ಬಂತು."

ನನ್ನ ಕೈಯಲ್ಲಿದ್ದ ಚಹಾ ಬಟ್ಟಲಿಂದ ಬಸಿಗೆ ಬಿತ್ತು, ಬಸಿಯಿಂದ ಪ್ಯಾಂಟಿಗೆ ಬಿತ್ತು.

"ಟೀಚರ್, ತಲಿ ನೆಟ್ಟಗ ಐತಿಲ್ರೀ? ಮುತ್ತಿನಂಥಾ ಹುಡುಗನ್ನ ಬಿಟ್ಟು ಮಂದಿ ಉಳಿಸಿದ್ದು ತಗೋತೀರೇನು? ಹತ್ತು ಕಟ್ಟೂ ಕಡೆ ಒಂದು ಮುತ್ತು ಕಟ್ಟು ಅಂತ ಹಿರ್ಯಾರು ಸುಮ್ನ ಹೇಳ್ಯಾರೇನು?"

"ಮುತ್ತು ಡೊಂಬಿವಲಿಯಲ್ಲಿ ಉಂಟು ಮಾರಾಯ್ರೆ, ಮೈದಾನ ನೆರೂಳಲ್ಲಿ ಉಂಟು. ಎಂತ ಕಟ್ಟುದು?"

ಆಗ ನನಗೆ ಸಿಟ್ಟಿನಲ್ಲಿ ಅರ್ಥವಾಗಲಿಲ್ಲ. ಮಧ್ಯಾಹ್ನದ ಸುತ್ತುಗಳಲ್ಲಿ ಅರ್ಥವಾಗತೊಡಗಿತು. ಬೇರೆ ತಂಡದವರು ಆಟಗಾರನನ್ನು ಕರೆದು ಯಾವ ಜಾಗದಲ್ಲಿ ಆಡುತ್ತೀ, ಎಷ್ಟು ಗೋಲು ಹೊಡೆದಿದ್ದೀ ಎಂದು ಕೇಳುತ್ತಿದ್ದರು. ಟೀಚರ್ ಎಲ್ಲರಿಗೂ ಕೇಳಿದ್ದು ಒಂದೇ ಪ್ರಶ್ನೆ: "ಗಾಡೀ ಕಹಾಂ ಬದಲ್ತೇ ಹೋ?" ನೆರೂಳಿಗೆ ಬರಲು ರೈಲು ಎಲ್ಲಿ ಬದಲಿಸುತ್ತೀ? ಠಾಣೆಯಲ್ಲಿ ಎಂದವನನ್ನು ಒಂದು ನಮಸ್ಕಾರ ಮಾಡಿ ಕಳಿಸಿದರು. ಬದಲಿಸುವುದಿಲ್ಲ, ಒಂದೇ ಗಾಡಿ ಎಂದವರ ಹೆಸರು ಬರೆಸಿದರು. ಖಾರ್‌ಘರ್, ಜುಯಿನಗರ, ತುರ್ಭೆ, ಘಣಸೋಲಿ, ಕಾಮೋಠೆ. ಯಾರೂ ಕೇಳದ ಹುಡುಗರು. ಹಾಲಿನಲ್ಲಿ ಮುಸಿಮುಸಿ ನಗು. "ಟೀಮ್ ಬನಾ ರಹೀ ಹೈ ಯಾ ರೇಲ್ವೇ ಪಾಸ್?" ತಂಡ ಕಟ್ಟುವುದೋ ರೈಲ್ವೆ ಪಾಸು ಮಾಡಿಸುವುದೋ ಎಂದು ಯಾರೋ ಹಿಂದಿನಿಂದ ಅಣಕಿಸಿದರು.

ನಮ್ಮ ಕಡೆಯವರಲ್ಲದೆ ಇನ್ನಾರೂ ಮಾಡಲಾರದ ತಪ್ಪನ್ನು ನಾವು ಮೂರು ವರ್ಷ ಮಾಡಿದ್ದೆವು. ನೆರೂಳಿನಲ್ಲಿ ಬೆಳಿಗ್ಗೆ ಆರಕ್ಕೆ ಅಭ್ಯಾಸ ಇಟ್ಟುಕೊಂಡು, ಒಬ್ಬನನ್ನು ಕಲ್ಯಾಣದಿಂದ, ಒಬ್ಬನನ್ನು ಡೊಂಬಿವಲಿಯಿಂದ, ಇನ್ನೊಬ್ಬನನ್ನು ಅಂಬರನಾಥದ ಆಚೆಯಿಂದ ಆರಿಸಿ ತಂದಿದ್ದೆವು. ಕತ್ತಲಲ್ಲೇ ಎದ್ದು, ಠಾಣೆಯ ಸೇತುವೆಯ ಮೇಲೆ ನೂಕಾಡಿ, ಇನ್ನೊಂದು ಲೋಕಲ್ ಹಿಡಿದು ಬರುವಷ್ಟರಲ್ಲಿ ಅವರ ಆಟ ಅಲ್ಲೇ ಮುಗಿದಿರುತ್ತಿತ್ತು. ಒಂದು ಸಲ ಮಧ್ಯ ರೈಲ್ವೆಯ ಸಿಗ್ನಲ್ ಕೆಟ್ಟು, ಪಂದ್ಯವನ್ನು ಏಳು ಜನರಿಂದ ಶುರುಮಾಡಿದ್ದೆವು. ಉಳಿದವರು ಒಬ್ಬೊಬ್ಬರಾಗಿ ಬಂದು ಸೇರುವುದನ್ನು ನೋಡಿ ಎದುರು ತಂಡದವರಿಗೇ ಪಾಪ ಅನ್ನಿಸಿತ್ತು. ಇಡೀ ತಂಡ ಒಂದೇ ಬೆಳಿಗ್ಗೆ ಒಂದೇ ಮೈದಾನದಲ್ಲಿ ನಿಂತದ್ದನ್ನು ನಾನು ಆ ಮೂರು ವರ್ಷ ಕಂಡೇ ಇರಲಿಲ್ಲ.

ಠಾಣೆಯಿಂದ ತಿರುಗಿ ಬರುವಾಗ ರೈಲಿನಲ್ಲಿ ಟೀಚರ್ ಹೋಟೆಲಿನ ಮಾತು ತೆಗೆದರು. "ಅಪ್ಪನ ಹೋಟೆಲಲ್ಲಿ ಒಬ್ಬ ದೋಸೆ ಭಟ್ರು ಇದ್ರು. ಎಂಥಾ ಕೈ ಗೊತ್ತುಂಟಾ! ಮುಲುಂಡಿಂದ ಜನ ಬರ್ತಿದ್ರು. ಆದ್ರೆ ಅವ್ರು ವಾರಕ್ಕೆ ಎರಡು ದಿನ ಬರುದೇ ಇಲ್ಲ. ಅಪ್ಪ ಅವ್ರನ್ನ ಬಿಟ್ಟು ಸಾಧಾರಣ ಕೈಯವನನ್ನ ಇಟ್ರು. ಬೆಳಿಗ್ಗೆ ಶಟರ್ ಎತ್ತುವಾಗ ಎಲ್ಲ ಇರ್ಬೇಕು ಅಂತಿದ್ರು. ಇರುವವರಿಗೆ ಕಲಿಸ್ಲಿಕ್ಕೆ ಆಗ್ತದೆ. ಇಲ್ಲದವರಿಗೆ ಎಂತ ಕಲಿಸುದು?"

"ಅದು ಇರ್ಲಿ ಬಿಡ್ರೀ. ಬರೂ ವರ್ಷದ ಸರದಿ ಯಾಕ ಕೊಟ್ರಿ? ಅದರಾಗ ಯಾವ ದ್ವಾಸಿ ಐತಿ?"

ಅವರು ಛತ್ರಿಯನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡರು. ಐರೋಲಿ ದಾಟಿತು.

"ಕಳೆದ ವರ್ಷ ಕಡೆಯ ಪಂದ್ಯ ನೋಡ್ಲಿಕ್ಕೆ ನಾನೂ ಬಂದಿದ್ದೆ. ಸೋತಾಗ ನಮ್ಮ ಹುಡುಗ್ರು ಎಂತ ಹೇಳಿದ್ರು, ಕೇಳಿದ್ದೀರಾ? ಹೋಗ್ಲಿ ಬಿಡು, ಮೊದಲ ಸರದಿ ಸಿಕ್ತಲ್ಲ ಅಂದ್ರು. ನೀವೂ ಅಂದ್ರಿ. ಸೋತ್ರೆ ಎಂತದೋ ಸಿಗ್ತದೆ ಅಂತ ಗೊತ್ತಿದ್ರೆ ಸೋಲುದು ಭಾರೀ ಸುಲಭ. ಆ ಸಿಗುದನ್ನೇ ಕೊಟ್ಟುಬಿಟ್ಟೆ. ಈಗ ಸೋತ್ರೆ ಸೋತದ್ದೇ."

ಇದನ್ನು ಹೇಳುವಾಗ ಅವರ ದನಿ ಏರಲಿಲ್ಲ, ಇಳಿಯಲೂ ಇಲ್ಲ. ಆದರೂ ಹೇಳುತ್ತೇನೆ, ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಆ ಹುಡುಗನನ್ನು ತೆಗೆದುಕೊಂಡು ನೆರೂಳಿನಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಡಬಹುದಿತ್ತು. ಇದನ್ನು ಟೀಚರಿಗೂ ಅಂದಿದ್ದೆ. "ಅವನ ಅಮ್ಮ ಡೊಂಬಿವಲಿಯಲ್ಲಿ ಒಬ್ಬರೇ ಇದ್ದಾರೆ. ನಿಮ್ಗೆ ಫುಟ್‌ಬಾಲ್ ಬಿಟ್ರೆ ಬೇರೆ ಎಂತದೂ ಕಾಣುದಿಲ್ಲ" ಎಂದು ನನ್ನನ್ನೇ ತಿರುಗಿಸಿ ಬೈದರು.

ದೂರದಿಂದ ಬರುತ್ತಿದ್ದ ಹಳಬರು ತಮ್ಮ ಊರ ಹತ್ತಿರದ ತಂಡಗಳಿಗೆ ಹೋಗಿದ್ದರು. ಅಭ್ಯಾಸ ಶುರುವಾಯಿತು. ಟೀಚರ್ ಆರಕ್ಕೆ ಮುಂಚೆ ನೆರೂಳ ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಛತ್ರಿ ಹಿಡಿದು ನಿಲ್ಲುತ್ತಿದ್ದರು. ಪನವೇಲ್ ಕಡೆಯ ಗಾಡಿಯಿಂದ ಒಂದು ಗುಂಪು, ಠಾಣೆ ಕಡೆಯ ಗಾಡಿಯಿಂದ ಒಂದು ಗುಂಪು ಇಳಿಯುತ್ತಿತ್ತು. ಎರಡೂ ಸೇರಿದ ಮೇಲೆ ಎಲ್ಲರೂ ಒಟ್ಟಿಗೆ ಮೈದಾನಕ್ಕೆ ನಡೆದು ಹೋಗುತ್ತಿದ್ದರು. ನಡೆಯುವಾಗ ಹುಡುಗರು ಒಬ್ಬರ ಕಾಲು ಒಬ್ಬರು ಎಳೆಯುವುದು, ಒಂದೇ ವಡಾಪಾವನ್ನು ಇಬ್ಬರು ಹರಿದು ತಿನ್ನುವುದು ಎಲ್ಲ ನಡೆಯುತ್ತಿತ್ತು. ಆಟಕ್ಕಿಂತ ಮುಂಚೆ ಆ ದಾರಿಯಲ್ಲೇ ತಂಡ ಆಗುತ್ತಿತ್ತು ಅನ್ನಿಸುತ್ತದೆ. ಆಗ ನನಗೆ ಕಂಡದ್ದು ವಡಾಪಾವಿನ ಎಣ್ಣೆ ಮಾತ್ರ.

ಕಾಮೋಠೆಯ ಅಭಿಷೇಕ್ ನಮ್ಮ ಗೋಲ್‌ಕೀಪರ್. ವಿಜಯಪುರದ ಕಡೆಯ ಮನೆ, ಹುಟ್ಟಿದ್ದು ಇಲ್ಲೇ. ಟೀಚರ್ ಅವನ ಹತ್ತಿರ ಹಟದಿಂದ ಕನ್ನಡವನ್ನೇ ಆಡುತ್ತಿದ್ದರು, ಅವನು ಅಷ್ಟೇ ಹಟದಿಂದ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ.

"ಮುಂದೆ ಬರ್ಲಿಕ್ಕೆ ಹೆದರುದು ಎಂತಕ್ಕೆ? ನಾಲ್ಕು ಹೆಜ್ಜೆ ಮುಂದೆ ನಿಲ್ಲು."

"ಟೀಚರ್, ಊಪರ್ ಸೇ ನಿಕಲ್ ಗಯಾ ತೋ?"

"ತಲೆ ಮೇಲಿಂದ ಹೋದ್ರೆ ಹೋಗ್ಲಿ. ಹಿಂದೆ ನಿಂತ್ರೆ ಅಡಿಯಿಂದ ಹೋಗ್ತದೆ. ಎರಡೂ ಗೋಲೇ."

ಮೊದಲ ಪಂದ್ಯಗಳಲ್ಲಿ ನಾವು ಸೋತೆವು. ಪ್ರಥಮೇಶ ಠಾಣೆ ತಂಡಕ್ಕೆ ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದ. ಸೊಸೈಟಿಯ ಲಿಫ್ಟಿನಲ್ಲಿ ಜನ ನನ್ನನ್ನು ಕಂಡು, "ಏನ್ ಸೆಕ್ರೆಟರಿ ಸಾಹೇಬ್ರೆ, ಕೈಯಾಗಿನ ಬೆಣ್ಣಿ ಮಂದಿಗೆ ಕೊಟ್ರಂತ?" ಎಂದು ಕೆಣಕುತ್ತಿದ್ದರು. ನಾನು ನಾಲ್ಕು ಮಹಡಿ ಮೆಟ್ಟಿಲು ಹತ್ತತೊಡಗಿದೆ. ಟೀಚರ್ ಮಾತ್ರ ದಿನವೂ ಲಿಫ್ಟಿನಲ್ಲೇ ಹೋಗುತ್ತಿದ್ದರು, ಅಂಥ ಮಾತು ಬಂದರೆ ಛತ್ರಿಯ ತುದಿಯಿಂದ ಗುಂಡಿ ಒತ್ತಿ, "ನಿಮ್ದು ಯಾವ ಮಹಡಿ?" ಎಂದು ಕೇಳುತ್ತಿದ್ದರು.

ಮಧ್ಯದಲ್ಲಿ ಗಾಳಿ ತಿರುಗಿತು. ಒಂದು ಡ್ರಾ, ಇನ್ನೊಂದು ಡ್ರಾ, ಆಮೇಲೆ ಕಲ್ಯಾಣದ ತಂಡದ ಮೇಲೆ ಗೆಲುವು. ಯಾರೂ ಹೀರೋ ಅಲ್ಲದ ತಂಡ. ಆದರೆ ಒಬ್ಬ ಎಡವಿದರೆ ಇನ್ನೊಬ್ಬ ಅಲ್ಲಿ ಇರುತ್ತಿದ್ದ, ಯಾಕೆಂದರೆ ಆ ಎಡವುವುದನ್ನು ಅವನು ದಿನ ಬೆಳಿಗ್ಗೆ ನೋಡಿದ್ದ. ಕೊನೆಯ ಪಂದ್ಯಕ್ಕೆ ಬರುವಾಗ ಲೆಕ್ಕ ಸರಳವಾಗಿತ್ತು: ಡ್ರಾ ಆದರೂ ಸಾಕು, ಕೊನೆಯ ಸ್ಥಾನ ತಪ್ಪುತ್ತದೆ, ತಂಡ ಉಳಿಯುತ್ತದೆ. ಸೋತರೆ ತಂಡದ ಬಾಗಿಲು ಬಂದ್. ಎದುರಿಗಿದ್ದದ್ದು ಠಾಣೆ, ಪ್ರಥಮೇಶನ ಠಾಣೆ.

ಅವತ್ತು ನಮ್ಮ ಹುಡುಗರು ಆಡಿದ ಹಾಗೆ ಯಾವತ್ತೂ ಆಡಿರಲಿಲ್ಲ. ಅಭಿಷೇಕ್ ನಾಲ್ಕು ಹೆಜ್ಜೆ ಮುಂದೆ ನಿಂತು ಎಲ್ಲವನ್ನೂ ತಡೆದ. ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು ಇತ್ತು, ಒಂದೂ ಗೋಲಾಗಿರಲಿಲ್ಲ. ನಾನು ಗದಗಿನ ದೇವರಿಗೆಲ್ಲ ಹರಕೆ ಹೊತ್ತಾಗಿತ್ತು. ಆಗ ಪ್ರಥಮೇಶನಿಗೆ ಚೆಂಡು ಸಿಕ್ಕಿತು. ಇಬ್ಬರನ್ನು ದಾಟಿದ, ತಲೆ ಎತ್ತಿ ಒಮ್ಮೆ ನೋಡಿದ, ಚೆಂಡನ್ನು ಅಭಿಷೇಕನ ತಲೆಯ ಮೇಲಿಂದ ನಿಧಾನವಾಗಿ ಗೋಲಿಗೆ ಇಳಿಸಿದ.

ಹಿಂದಿನಿಂದ ಜನ ಕೂಗಿದರು, ಟೀಚರ್ ಕಡೆಗೇ ಕೈ ಮಾಡಿ. ನಾನು ಎದ್ದು ಜಗಳಕ್ಕೆ ಹೋದೆ. ಟೀಚರ್ ನನ್ನ ಅಂಗಿಯ ತೋಳು ಹಿಡಿದು ಕೂರಿಸಿದರು. "ಒಳ್ಳೆ ಗೋಲು" ಎಂದರು. ಅವರ ಬಾಯಲ್ಲಿ ಒಳ್ಳೆ ಎಂಬ ಶಬ್ದ ಕೇಳಿದ್ದು ಅದೊಂದೇ ಸಲ, ಅದೂ ಎದುರಾಳಿಗೆ! ನನಗೆ ಅಳು ಬಂತು. ಪಂದ್ಯ ಮುಗಿದ ಮೇಲೆ ಅಭಿಷೇಕ್ ಅವರ ಮುಂದೆ ತಲೆ ತಗ್ಗಿಸಿ ನಿಂತ. "ಸಾರೀ ಟೀಚರ್. ಊಪರ್ ಸೇ ಗಯಾ."

"ನಿಂತ ಜಾಗ ಸರಿ ಇತ್ತು" ಎಂದರು ಟೀಚರ್. ಅವನು ಅಲ್ಲೇ ಕುಕ್ಕರಿಸಿ ಕೂತು ಮುಖ ಮುಚ್ಚಿಕೊಂಡ.

ಕೊನೆಯ ಸ್ಥಾನ. ಮುಂದಿನ ವರ್ಷದ ಮೊದಲ ಸರದಿ ಠಾಣೆಗೆ. ನಮಗೆ ಅತ್ತ ಹೀರೋನೂ ಇಲ್ಲ, ಇತ್ತ ಸರದಿಯೂ ಇಲ್ಲ. ಮಾಲೀಕರು ಫೋನಿನಲ್ಲಿ ಬೈಯಲಿಲ್ಲ. "ಮಂಗಳವಾರ ಬೆಳಿಗ್ಗೆ ಬರ್ತೇನೆ. ಚೆಂಡು, ಬಲೆ, ಜರ್ಸಿ ಎಲ್ಲ ಗಾಡಿಗೆ ಹಾಕಿಕೊಡಿ. ಯಾವುದಾದ್ರೂ ಶಾಲೆಗೆ ಕೊಟ್ಟುಬಿಡುವ" ಎಂದರು. ಹುಡುಗರಿಗೆ ಸುದ್ದಿ ಮುಟ್ಟಿಸಿದವನು ನಾನೇ. ಅಭ್ಯಾಸ ಇಲ್ಲ, ಸಂಬಳ ಇಲ್ಲ, ಬೇರೆ ತಂಡ ನೋಡಿಕೊಳ್ಳಿ ಎಂದೆ. ಅಂಥ ಕೆಟ್ಟ ಕೆಲಸ ನಾನು ಜೀವನದಲ್ಲಿ ಮಾಡಿಲ್ಲ.

ಮಂಗಳವಾರ ಬೆಳಿಗ್ಗೆ ನಾನೂ ಟೀಚರೂ ಮನೆಯಿಂದ ಸೀದಾ ಮೈದಾನಕ್ಕೆ ಹೊರಟೆವು. ಅವತ್ತು ಸ್ಟೇಷನ್ ಕಡೆ ಹೋಗುವ ಕೆಲಸವಿರಲಿಲ್ಲ. ತಿರುವಿನ ಹತ್ತಿರ ಚೆಂಡಿನ ಸದ್ದು ಕೇಳಿತು. ಶಾಲೆಯ ಮಕ್ಕಳಿರಬೇಕು ಎಂದುಕೊಂಡೆ. ಗೇಟು ದಾಟಿದರೆ ನಮ್ಮ ಹುಡುಗರು. ಸಾಮಾನಿನ ಕೋಣೆಗೆ ಬೀಗ ಇದ್ದದ್ದರಿಂದ ಮನೆಯಿಂದ ತಂದ ಹಳೆ ಚೆಂಡಿನಲ್ಲಿ, ಹಳೆ ಟೀಶರ್ಟಿನಲ್ಲಿ, ಬಲೆಯಿಲ್ಲದ ಗೋಲಿನ ಮುಂದೆ ಅಭ್ಯಾಸ ಮಾಡುತ್ತಿದ್ದರು. ಅಭಿಷೇಕ್ ನಾಲ್ಕು ಹೆಜ್ಜೆ ಮುಂದೆ ನಿಂತಿದ್ದ.

ಟೀಚರ್ ನಿಂತುಬಿಟ್ಟರು. "ನೀವು ಹೇಳಿದ್ದಾ?"

"ನಾನ್ಯಾಕ ಹೇಳ್ಲಿ? ಬರಬ್ಯಾಡ್ರಿ ಅಂತ ಹೇಳೀನಿ!"

ಟೀಚರ್ ಅತ್ತರು. ಮುಚ್ಚಿಡಲಿಲ್ಲ, ಸೆರಗು ಹುಡುಕಲಿಲ್ಲ, ನಿಂತಲ್ಲೇ ಅತ್ತರು. ಆ ವರ್ಷ ಅವರನ್ನು ಯಾರೂ ನಂಬಿರಲಿಲ್ಲ, ಮಾಲೀಕರು ನಂಬಿರಲಿಲ್ಲ, ನಾನು ನಂಬಿರಲಿಲ್ಲ. ನಂಬಿದವರು ಅಲ್ಲಿ ಓಡುತ್ತಿದ್ದರು. ನನಗೆ ಆ ಹುಡುಗರ ಮೇಲೆ ಬಂದಷ್ಟು ಪ್ರೀತಿ ಇನ್ನಾರ ಮೇಲೂ ಬಂದಿಲ್ಲ.

ಮಾಲೀಕರ ಕಾರು ಬಂತು. ಚಾಲಕ ಇಳಿದು, ಸಾಮಾನು ತುಂಬಲು ಡಿಕ್ಕಿ ತೆರೆದು ನಿಂತ. ಮಾಲೀಕರು ನಮ್ಮ ಪಕ್ಕಕ್ಕೆ ಬಂದು ಮೈದಾನ ನೋಡಿದರು. ನಾಲ್ಕು ವರ್ಷ ಸಂಬಳ ಕೊಟ್ಟಿದ್ದರೂ ಬೆಳಗಿನ ಅಭ್ಯಾಸಕ್ಕೆ ಅವರು ಬಂದದ್ದು ಅದೇ ಮೊದಲು.

"ಎಷ್ಟು ಜನ ಬಂದಿದ್ದಾರೆ?"

"ಎಲ್ಲ" ಎಂದರು ಟೀಚರ್.

"ಸಂಬಳ ಇಲ್ಲ ಅಂತ ಗೊತ್ತುಂಟಾ ಇವ್ರಿಗೆ?"

"ಗೊತ್ತೈತ್ರಿ. ನಾನೇ ಹೇಳೀನಿ" ಎಂದೆ ನಾನು.

ಮೈದಾನದಲ್ಲಿ ಯಾರೋ ಬಿದ್ದ, ಇನ್ನೊಬ್ಬ ಎಳೆದು ಎಬ್ಬಿಸಿದ, ಆಟ ಮುಂದುವರಿಯಿತು.

"ಬರುವ ವರ್ಷ ಮೊದಲ ಸರದಿಯೂ ಇಲ್ಲ ನಮ್ಗೆ" ಎಂದರು ಮಾಲೀಕರು ಕೊನೆಗೆ. "ಯಾರನ್ನ ತರ್ತೀರಿ ಟೀಚರ್?"

"ಯಾರನ್ನೂ ತರುದು ಬೇಡ. ಬಂದಿದ್ದಾರೆ."

ಮಾಲೀಕರು ಚಾಲಕನ ಕಡೆ ತಿರುಗಿ, ಡಿಕ್ಕಿ ಮುಚ್ಚಲು ಹೇಳಿದರು.